ನಾಲ್ಕು ಅಂಕದ ಮರಗೆಲಸ

ಪ್ರಾಂಶುಪಾಲರಾದ ಹೋಮ್‌ಬರ್ಗ್ ಮೇಡಂ ಅವರಿಗೆ,

ನನ್ನ ಮಗಳು ಕೋರಾಳಿಗೆ ಶಾಲೆಯ ಮೊದಲ ಸ್ಥಾನ ಕೂದಲೆಳೆಯಷ್ಟರಲ್ಲಿ ತಪ್ಪುತ್ತಿದೆ. ಕಾರಣ ನನ್ನ ಮರಗೆಲಸದ ತರಗತಿ. ಉನ್ನತ ರಸಾಯನಶಾಸ್ತ್ರದ ‘ಎ’ ಗ್ರೇಡಿಗೆ ಐದು ಅಂಕ, ನಾನು ಕೊಡುವ ‘ಎ’ಗೆ ನಾಲ್ಕೇ. ಅದೇ ಅವಳ ಸರಾಸರಿಯನ್ನು ಕೆಳಗೆಳೆದಿದೆ.

ಇದು ಗೊತ್ತಿದ್ದೇ ಅವಳು ಸೇರಿದ್ದಳು. “ಬೇಡ ಕಣೇ, ರ‍್ಯಾಂಕ್ ಹೋಗತ್ತೆ” ಎಂದಿದ್ದೆ. “ಹೋದ್ರೆ ಹೋಗ್ಲಿ. ಅಮ್ಮ ತೀರ್ಕೊಂಡ್ಮೇಲೆ ನೀನು ಬಾಯಿ ಬಿಡೋದು ಈ ಕ್ಲಾಸಲ್ಲಿ ಮಾತ್ರ ಅಪ್ಪಾ” ಎಂದಳು.

ದಯವಿಟ್ಟು ರ‍್ಯಾಂಕ್ ಪಟ್ಟಿ ಹೊರಬೀಳುವ ಮೊದಲು ಆ ತರಗತಿಯನ್ನು ಅವಳ ಲೆಕ್ಕದಿಂದ ತೆಗೆದುಬಿಡಿ. ಅವಳು ನನ್ನ ಹತ್ತಿರ ಕಲಿಯಲೇ ಇಲ್ಲವೆಂದು ಸಹಿ ಹಾಕಿಕೊಡುತ್ತೇನೆ. ಅವಳು ಮಾಡಿದ ಸ್ಟೂಲು ಮಾತ್ರ ನನ್ನಲ್ಲಿರಲಿ. ಅದರ ಮೇಲೆ ಕೂತೇ ಇದನ್ನು ಬರೆಯುತ್ತಿದ್ದೇನೆ. ಚೂರೂ ಅಲುಗುವುದಿಲ್ಲ.

ಇಂತಿ,
ರಸ್ ಡಾಲ್‌ಮನ್
ಮರಗೆಲಸದ ಮೇಷ್ಟ್ರು