ನನ್ನ ಎಕ್ಕಕ್ಕೆ ಸೊಸೆ ಕಟ್ಟಿದ ದಾರ

೧೭ ಜೂನ್ ೧೯೬೧, ಶನಿವಾರ

ಎಷ್ಟು ಕೊಬ್ಬು ಅವಳಿಗೆ! ಕೋಣನಕುಂಟೆಯ ಮಂತ್ರವಾದಿಗಳೂ ನನ್ನನ್ನು ಕೇಳದೆ ಹಿತ್ತಲಿನ ಬಿಳಿ ಎಕ್ಕವನ್ನು ಮುಟ್ಟುವುದಿಲ್ಲ. ಇವತ್ತು ಸಂಜೆ ನೀರು ಹಾಕಲು ಹೋದರೆ ಸೊಸೆ ಸರೋಜ ಅದರ ಬುಡಕ್ಕೆ ಅರಿಶಿನದ ದಾರ ಕಟ್ಟಿ, ಅಕ್ಕಿ ಹಾಕಿ, ಕೈಮುಗಿದು ಕೂತಿದ್ದಾಳೆ. ನನ್ನನ್ನು ನೋಡಲಿಲ್ಲ. "ನಾಳೆ ಬೇರು ಕೀಳ್ತೀನಿ, ನಮ್ಮತ್ತೆ ಬಾಯಿ ಕಟ್ಟಾಕು ತಾಯಿ" ಎಂದು ಬೇಡಿಕೊಳ್ಳುತ್ತಿದ್ದಳು.

ಬಾವಿಯಿಂದ ಸೇದಿ ಸೇದಿ ನೀರು ಹಾಕಿ ಬೆಳೆಸಿದವಳು ನಾನು. ಬೇರು ಕೀಳುವ ಹಿಂದಿನ ಸಂಜೆಯೇ ಗಿಡದ ಅಪ್ಪಣೆ ಕೇಳಬೇಕು, ಕಬ್ಬಿಣ ತಾಗಿಸಬಾರದು ಎಂದು ಹೇಳಿಕೊಟ್ಟವಳೂ ನಾನೇ. ನನ್ನ ಬಾಯಿ ಕಟ್ಟಲು ನನ್ನ ಗಿಡವೇ ಬೇಕಾಯಿತೇ? ನಮ್ಮ ಇಡೀ ಸಿದ್ದಾಪುರದಲ್ಲಿ ಬೇರೆ ಎಕ್ಕ ಇರಲಿಲ್ಲವೇ?

ಮಗನಿಗೆ ಹೇಳಿದರೆ, "ಹೋಗ್ಲಿ ಬಿಡಮ್ಮ, ಸ್ವಲ್ಪ ದಿನ ಮನೆ ತಣ್ಣಗಿರ್ತದೆ" ಎಂದು ನಕ್ಕ. ಅವನೂ!

ದಾರ ಬಿಚ್ಚಲಿಲ್ಲ. ಬೇರೆಯವರು ಬಿಚ್ಚಿದರೆ ಗಿಡ ಒಣಗುತ್ತದೆ. ಆದರೆ ಬೇರು ಕೀಳುವಾಗ ಕೀಳುವವರು ಒಂದು ಮಾತಾಡಿದರೂ ಅದರ ಶಕ್ತಿ ಹೋಗುತ್ತದೆ. ನಾಳೆ ಬೆಳಕು ಹರಿಯುವ ಮೊದಲೇ ಹಿತ್ತಲ ಬಾಗಿಲಲ್ಲಿ ನಿಂತಿರುತ್ತೇನೆ. ಅವಳು ಬಗ್ಗಿ ಬೇರಿಗೆ ಕೈ ಹಾಕಿದ ಕೂಡಲೇ, "ನಿಮ್ಮಮ್ಮನಿಗೆ ಸಾರು ಮಾಡೋಕೂ ಬರಲ್ವಂತೆ, ಹೌದೇನೇ?" ಎಂದು ಕೇಳುತ್ತೇನೆ.

ಅದಕ್ಕೆ ಉತ್ತರ ಕೊಡದೆ ಇರಲಿ, ನೋಡೋಣ.