ರತ್ನಾಗಿರಿಯ ಕಾರಿಗೆ ನಮ್ಮೂರ ಟ್ಯಾಕ್ಸ್

ಅಮ್ಮಿ,

ನೀವು ನಮಾಜಿನಲ್ಲಿದ್ದಿರಿ, ಕರೆಯಲಿಲ್ಲ. ಕಾರು ತೆಗೆದುಕೊಂಡು ದಾವಣಗೆರೆಯ ಆರ್‌ಟಿಒ ಆಫೀಸಿಗೆ ಹೊರಟಿದ್ದೇನೆ. ಹಾಲು ಕಾಯಿಸಿ ಮುಚ್ಚಿಟ್ಟಿದ್ದೇನೆ. ಬಿ.ಪಿ. ಮಾತ್ರೆ ತಿಂಡಿ ಆದ ಮೇಲೆ, ಮರೆಯಬೇಡಿ.

ಆ ಸೆಕೆಂಡ್ ಹ್ಯಾಂಡ್ ಕಾರು ರತ್ನಾಗಿರಿಯಿಂದ ಬಂದು ಆರು ತಿಂಗಳಾಯಿತು. ಇಲ್ಲಿನ ರೋಡ್ ಟ್ಯಾಕ್ಸ್ ಕಟ್ಟದೆ ಮಹಾರಾಷ್ಟ್ರದ ನಂಬರಿನಲ್ಲೇ ಅಂಗಳದಲ್ಲಿ ನಿಂತಿದೆ. ನಿನ್ನೆ ನಿಮ್ಮ ಮಗ, "ಅಷ್ಟು ಟ್ಯಾಕ್ಸ್ ಕಟ್ಟಿ ಇಟ್ಕೊಳ್ಳಾದು ಬ್ಯಾಡ. ಶುಕ್ರವಾರ ರತ್ನಾಗಿರಿಗೇ ಹೋಗಿ ಮಾರಿ ಬರ್ತೀನಿ" ಅಂದರು. ನೀವು ಎದ್ದು ಹೋಗಿ ಕಾರಿನೊಳಗೆ ಕೂತಿರಿ. ನಾನು ಚಹಾ ತಂದಾಗ ಕಣ್ಣು ಮುಚ್ಚಿಕೊಂಡೇ, "ನುಜತ್, ಇದ್ರಾಗೆ ಇನ್ನೂ ಸಮುದ್ರದ ವಾಸ್ನೆ ಐತೆ ನೋಡು. ಕೂತ್ರೆ ಎಲ್ಲಿಗೋ ಹೋದಂಗಾಗ್ತೈತೆ" ಅಂದಿರಿ. ನಾವಿಬ್ಬರೂ ಸಮುದ್ರ ನೋಡಿದವರಲ್ಲ. ಆದರೂ ನಿಮ್ಮ ಪಕ್ಕ ಕೂತು ಕಣ್ಣು ಮುಚ್ಚಿದಾಗ, ನಮ್ಮ ಭಾನುವಳ್ಳಿ ಕಾಲುವೆಯ ಸದ್ದು ದೂರದ ಅಲೆಗಳ ಹಾಗೆ ಕೇಳಿಸಿತು. ಚಹಾ ಆರಿಯೇ ಹೋಯಿತು.

ಅದನ್ನು ಮಾರಲು ನನಗೆ ಮನಸ್ಸಿಲ್ಲ. ಹೊಲಿಗೆಯಲ್ಲಿ ಕೂಡಿಟ್ಟಿದ್ದನ್ನು ತೆಗೆದುಕೊಂಡಿದ್ದೇನೆ. ಕಾರು ನನ್ನ ಹೆಸರಿನಲ್ಲೇ ಇರುವುದರಿಂದ ನನ್ನ ಸಹಿ ಸಾಕು. ನಮ್ಮ ನಂಬರ್ ಬಂದ ಮೇಲೆ ನಾವಿಬ್ಬರೇ ಕಾರವಾರಕ್ಕೆ ಹೋಗೋಣ.

ಅವರು ಎದ್ದು ಕಾರು ಎಲ್ಲಿ ಅಂತ ಹುಡುಕಿದರೆ ಈ ಚೀಟಿ ಕೊಡಿ. ಡ್ರೈವರ್ ಯಾರು ಅಂದರೆ, ಎರಡು ತಿಂಗಳಿಂದ ನಾನು ಹರಿಹರಕ್ಕೆ ಹೋಗುತ್ತಿದ್ದುದು ಎಂಬ್ರಾಯ್ಡರಿ ಕ್ಲಾಸಿಗಲ್ಲ, ಡ್ರೈವಿಂಗ್ ಕ್ಲಾಸಿಗೆ ಅಂತ ಹೇಳಿ. ಲೈಸೆನ್ಸ್ ಮೊನ್ನೆ ಬಂತು.

ದಾರಿಯಲ್ಲಿ ಫೋನ್ ಮಾತ್ರ ಮಾಡಬೇಡಿ. ನನ್ನ ಎರಡೂ ಕೈ ಸ್ಟೇರಿಂಗ್ ಮೇಲಿರುತ್ತವೆ.

ನಿಮ್ಮ ಸೊಸೆ,
ನುಜತ್