ಮದುವೆಯಾದವರಿಗೆ ಮಾತ್ರ ಸಿಗುವ ಪುಸ್ತಕ

ಮಾನ್ಯ ಗ್ರಂಥಾಲಯಾಧಿಕಾರಿಗಳೇ,

ತಮ್ಮ ವಾಚನಾಲಯದಲ್ಲಿ ಹೆಂಗಸರ ಕಾಯಿಲೆಗಳ ಬಗ್ಗೆ ಒಂದು ಪುಸ್ತಕವಿದೆ. ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿಸಿ, ಮದುವೆಯಾಗದ ಹೆಣ್ಣುಮಕ್ಕಳಿಗೆ ಕೊಡಕೂಡದೆಂದು ತಾವು ಆದೇಶ ಮಾಡಿದ್ದೀರಿ. ಆ ಆದೇಶದ ಒಂದು ಪ್ರತಿಯನ್ನು ಕ್ಯಾನ್ಸರಿಗೂ ಕಳಿಸಿದ್ದೀರಾ?

ಹೋದ ವರ್ಷ, ಅಂದರೆ ೧೯೮೪ರಲ್ಲಿ, ನನಗೆ ಇಪ್ಪತ್ತೆರಡು. ಎಡ ಎದೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ನೋವಿರಲಿಲ್ಲ. ಡಾಕ್ಟರಿಗೆ ತೋರಿಸೋಣವೆಂದರೆ ಅಮ್ಮ, "ಮದ್ವೆ ಆಗ್ದಿರೋ ಉಡ್ಗಿ ಎದೆ ತೋರಿಸ್ಕೊಂಡ್ ಬಂದ್ಲು ಅಂದ್ರೆ ಯಾರೇ ಕಟ್ಕೊಂತಾರೆ?" ಎಂದಳು. ಪಿಯುಸಿ ಓದಿದವಳಲ್ಲವೇ, ಪುಸ್ತಕದಲ್ಲಾದರೂ ನೋಡೋಣವೆಂದು ಬಂಗಾರಪೇಟೆಗೆ ಬಂದೆ. ತಮ್ಮ ಸಹಾಯಕರು ಮೊದಲು ನನ್ನ ಕೊರಳು ನೋಡಿದರು. "ಮದ್ವೆ ಆದ್ಮೇಲೆ ಬಾರಮ್ಮ, ನಾನೇ ತೆಗ್ದು ಕೊಡ್ತೀನಿ" ಎಂದರು. ಒಳ್ಳೆಯ ಮನುಷ್ಯ. ಅವರ ಮೇಲೆ ನನಗೆ ಸಿಟ್ಟಿಲ್ಲ. ಈಗೀಗ ಯಾರ ಮೇಲೂ ಸಿಟ್ಟು ಬರುವುದಿಲ್ಲ.

ಮರುವಾರ ಅಕ್ಕ ಆದಿಲಕ್ಷ್ಮಮ್ಮನನ್ನು ಕರೆತಂದೆ. ಅವಳಿಗೆ ತಾಳಿ, ಕಾಲುಂಗುರ ಎರಡೂ ಇದ್ದವು, ಅಕ್ಷರ ಮಾತ್ರ ಬರುತ್ತಿರಲಿಲ್ಲ. ಪುಸ್ತಕವನ್ನು ಅವಳ ಮುಂದಿಟ್ಟರು. ಓದಬಲ್ಲ ನನ್ನನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿದರು. ಇಂಥ ಘನವಾದ ಏರ್ಪಾಟು ಯಾರಿಗೆ ಹೊಳೆಯಿತು, ತಮಗೇನಾ? ಅಕ್ಕ ಚಿತ್ರಗಳನ್ನು ನೋಡಿಕೊಂಡು ಬಂದಳು. ಒಂದು ಹಾಳೆಯಲ್ಲಿ ಹೆಂಗಸೊಬ್ಬಳು ಎದೆ ಒತ್ತಿ ನೋಡಿಕೊಳ್ಳುತ್ತಿದ್ದಳಂತೆ, ಅದರ ಮುಂದಿನದರಲ್ಲಿ ತಾಯಿಯೊಬ್ಬಳು ಮಗುವಿಗೆ ಹಾಲು ಕುಡಿಸುತ್ತಿದ್ದಳಂತೆ. "ಅದು ಆಲಿನ ಗಂಟು ಕಣೆ. ಮದ್ವೆಯಾಗಿ ಒಂದ್ ಮಗು ಆದ್ರೆ ಕರಗೋಗ್ತದೆ, ಬುಕ್ಕಲ್ಲೇ ಆಕವ್ರೆ" ಎಂದು ನನ್ನ ಕೆನ್ನೆ ಸವರಿದಳು. ನಾನು ನಂಬಿದೆ. ಮನೆಯವರೂ ನಂಬಿ ಚಿನ್ನದ ಗಣಿಯ ಕೋರಮಂಡಲ್ ಕಡೆಯ ಗಂಡು ಹುಡುಕಿದರು.

ಮದುವೆಯಾದ ಮೇಲೆ, ತಾಳಿ ಕಾಣುವಂತೆ ಸೆರಗು ಸರಿಪಡಿಸಿಕೊಂಡು ಬಂದೆ. ಸಹಾಯಕರು ನಗುನಗುತ್ತಾ ಪುಸ್ತಕ ಕೊಟ್ಟರು. ಮೊದಲ ಚಿತ್ರದ ಕೆಳಗೆ, ನೋವಿಲ್ಲದ ಗಂಟಾದರೂ ತಡಮಾಡದೆ ವೈದ್ಯರಿಗೆ ತೋರಿಸಬೇಕು ಎಂದಿತ್ತು. ಎರಡನೆಯ ಚಿತ್ರ ಬಾಣಂತಿಯರ ಪಾಠದ್ದು. ಅಷ್ಟರಲ್ಲಿ ಕಂಕುಳಲ್ಲೂ ಗಂಟಾಗಿತ್ತು. ಬೆಂಗಳೂರಿನಲ್ಲಿ ಎದೆ ತೆಗೆದರು, ಮೊದಲೇ ಬರಬೇಕಿತ್ತು ಎಂದರು. ಗಂಡ ತವರಿಗೆ ಬಿಟ್ಟುಹೋದರು. ಅಳು ಬಂದೀತೆಂದು ಕಾದೆ, ಬರಲಿಲ್ಲ. ಪುಸ್ತಕದಲ್ಲಿ ಏನಿತ್ತೆಂದು ಅಕ್ಕನಿಗೆ ಹೇಳಿಲ್ಲ. ಪತ್ರಿಕೆಗೂ ಕಳಿಸುತ್ತಿರುವ ಈ ಕಾಗದ ಅಚ್ಚಾದರೂ ಅವಳು ಓದಲಾರಳೆಂಬ ಧೈರ್ಯದ ಮೇಲೆಯೇ ಬರೆಯುತ್ತಿದ್ದೇನೆ.

ನನಗಾಗಿ ಏನೂ ಕೇಳುತ್ತಿಲ್ಲ. ಬೀರುವಿನ ಬೀಗ ತೆಗೆಸಿ, ಆ ಪುಸ್ತಕವನ್ನು ದಿನಪತ್ರಿಕೆಗಳ ಜೊತೆ ಮೇಜಿನ ಮೇಲೆ ಇಡಿಸಿ, ಈ ತಿಂಗಳೇ. ನನ್ನ ತಂಗಿಗೆ ಹತ್ತೊಂಬತ್ತು, ಚೆನ್ನಾಗಿ ಓದುತ್ತಾಳೆ. ಆದರೆ ನನ್ನ ಕಾಯಿಲೆಯ ಸುದ್ದಿ ಹಬ್ಬಿದ ಮೇಲೆ ಅವಳನ್ನು ಕೇಳಿಕೊಂಡು ಯಾವ ಗಂಡಿನ ಕಡೆಯವರೂ ನಮ್ಮ ಮನೆಗೆ ಬರುತ್ತಿಲ್ಲ.

ಇಂತಿ,
ತಮ್ಮ ಪುಸ್ತಕಕ್ಕೆ ತಡವಾಗಿ ಅರ್ಹಳಾದ
ವೆಂಕಟರತ್ನಮ್ಮ
ಬಂಗಾರಪೇಟೆ ತಾಲ್ಲೂಕು